ಅಲೆಗಳ ಲೆಕ್ಕ ಕೊಟ್ಟ ಫೂರಿಯರ್

ಮಕ್ಕಳೇ, ಅಜ್ಜಂಪುರ ತಾಲ್ಲೂಕಿನ ಶಿವನಿಯಿಂದ ನಿಮ್ಮ ಮಾವ ಅಮೃತಮಹಲ್ ಎತ್ತಿನ ಫೋಟೊ ತೆಗೆದು ಮೊಬೈಲ್‌ನಲ್ಲಿ ಕಳುಹಿಸಿದರು ಎಂದುಕೊಳ್ಳಿ. ನಿಮ್ಮ ಮನೆಯ ಮೊಬೈಲಿಗೆ ಬಂದು ತಲುಪುವುದು ಚಿತ್ರವಲ್ಲ, ಸಂಕೇತ ರೂಪದಲ್ಲಿರುವ ಸಂಖ್ಯೆಗಳು! ಆ ಸಂಕೇತವನ್ನು ಬಿಡಿಸಿ, ಮತ್ತೆ ಎತ್ತನ್ನು ತೋರಿಸುವುದು ಮೊಬೈಲಿನ ಆ್ಯಪ್‌ನ ಕೆಲಸ. ಇದರ ಹಿಂದಿರುವ ಗಣಿತಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಅದನ್ನು ಕೊಟ್ಟವರು ಜೋಸೆಫ್ ಫೂರಿಯರ್. ಅವರ ಬದುಕಿನ ಕಥೆ ತಿಳಿಯೋಣವೇ?

ದರ್ಜಿಯ ಮಗ

ಫೂರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸ್ ದೇಶದ ಓಸೆರ್ ಎಂಬ ಊರಿನಲ್ಲಿ. ತಂದೆ ಬಟ್ಟೆ ಹೊಲಿಯುವ ದರ್ಜಿ. ಬಾಲಕನಿಗೆ ಸುಮಾರು ಹತ್ತು ವರ್ಷವಾಗುವಷ್ಟರಲ್ಲಿ ತಾಯಿ ತಂದೆ ಇಬ್ಬರೂ ತೀರಿಕೊಂಡರು. ಊರಿನ ಸೈನಿಕ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ಅಲ್ಲಿ ಗಣಿತದ ರುಚಿ ಹತ್ತಿತು. ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟುಕೊಂಡು ರಾತ್ರಿ ಲೆಕ್ಕ ಮಾಡುತ್ತಿದ್ದ ಎಂದು ಹೇಳುತ್ತಾರೆ.

ಮುಂದೆ ಸೈನ್ಯದ ಫಿರಂಗಿ ದಳ ಸೇರಲು ಬಯಸಿದಾಗ, ದೊಡ್ಡ ಮನೆತನದವನಲ್ಲ ಎಂಬ ಕಾರಣಕ್ಕೆ ಅವಕಾಶ ಸಿಗಲಿಲ್ಲ. ಅವರು ಗಣಿತದ ಶಿಕ್ಷಕರಾದರು. 1789ರಲ್ಲಿ ಫ್ರಾನ್ಸಿನ ಕ್ರಾಂತಿ ಆರಂಭವಾಯಿತು. ಆ ಗಲಭೆಯ ಕಾಲದಲ್ಲಿ, 1794ರಲ್ಲಿ ಸೆರೆಮನೆಯನ್ನೂ ಕಂಡು ಬಂದರು. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. 1802ರಿಂದ ಗ್ರೆನೋಬಲ್ ನಗರದಲ್ಲಿ ನಮ್ಮ ಜಿಲ್ಲಾಧಿಕಾರಿಯಂತಹ ಹುದ್ದೆಯಲ್ಲಿದ್ದರು. ಜೌಗು ನೆಲದ ನೀರು ಬಸಿಯುವಂತೆ ಮಾಡಿಸಿದರು, ರಸ್ತೆ ಹಾಕಿಸಿದರು. ಇಷ್ಟೆಲ್ಲ ಕೆಲಸದ ನಡುವೆಯೂ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ.

ಕಾದ ಕಬ್ಬಿಣದ ಪ್ರಶ್ನೆ

ಕಬ್ಬಿಣದ ಸರಳಿನ ಒಂದು ತುದಿಯನ್ನು ಕುಲುಮೆಯಲ್ಲಿ ಇಟ್ಟರೆ ಶಾಖ ಇನ್ನೊಂದು ತುದಿಗೆ ಹೇಗೆ ಸಾಗುತ್ತದೆ? ಇದನ್ನು ಲೆಕ್ಕ ಹಾಕಲು ಹೊರಟ ಫೂರಿಯರ್‌ಗೆ ಹೊಸ ದಾರಿ ಹೊಳೆಯಿತು. ಎಷ್ಟೇ ಏರುಪೇರಾದ ಗೆರೆಯಾದರೂ ಸರಿ, ಅದನ್ನು ಹಲವು ಸರಳ ಅಲೆಗಳ ಮೊತ್ತವಾಗಿ ಬರೆಯಬಹುದು ಎಂದರು. 1807ರಲ್ಲಿ ಪ್ಯಾರಿಸಿನ ವಿದ್ವಾಂಸರ ಮುಂದೆ ಇದನ್ನು ಇಟ್ಟರು.

ಲಗ್ರಾಂಜ್ ಮೊದಲಾದ ಹಿರಿಯ ಗಣಿತಜ್ಞರು ಒಪ್ಪಲಿಲ್ಲ. ನಯವಾದ ಅಲೆಗಳನ್ನು ಕೂಡಿಸಿದರೆ ಚೂಪು ಮೂಲೆ ಬರುವುದು ಹೇಗೆ ಎಂಬುದು ಅನುಮಾನ. ಲಗ್ರಾಂಜ್ ಅವರು ಫೂರಿಯರ್‌ಗೆ ಪಾಠ ಹೇಳಿದ ಗುರುಗಳು! ಆದರೂ ಫೂರಿಯರ್ ಕೈಬಿಡಲಿಲ್ಲ. ತಿದ್ದಿ ಬರೆದು 1811ರಲ್ಲಿ ಸ್ಪರ್ಧೆಗೆ ಕಳುಹಿಸಿದರು. ಬಹುಮಾನ ಬಂತು, ಜೊತೆಗೆ ಸಾಧನೆ ಪೂರ್ಣವಾಗಿಲ್ಲ ಎಂಬ ಟೀಕೆಯೂ ಬಂತು. ಕೊನೆಗೆ 1822ರಲ್ಲಿ ಎಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿದರು. 1830ರ ಮೇ 16ರಂದು ಅವರು ನಿಧನರಾದರು.

ಬೆಂಗಳೂರಿನ ನಂಟು

ಈ ಅಲೆಗಳಿಗೂ ಫೋಟೊಗೂ ಏನು ಸಂಬಂಧ? ಫೋಟೊ ಎಂದರೆ ಸಣ್ಣ ಚುಕ್ಕಿಗಳ ಸಾಲುಗಳು. ಪ್ರತಿ ಚುಕ್ಕಿಯ ಬೆಳಕಿಗೆ ಒಂದು ಸಂಖ್ಯೆ. ಅಕ್ಕಪಕ್ಕದ ಎರಡು ಚುಕ್ಕಿಗಳು 90 ಮತ್ತು 84 ಎನ್ನಿ. ಇವುಗಳ ಸರಾಸರಿ 87. ವ್ಯತ್ಯಾಸದ ಅರ್ಧ 3. ಈಗ 87 ಮತ್ತು 3 ಎಂದು ಬರೆದಿಟ್ಟರೂ ಸಾಕು. ಬಿಡಿಸುವಾಗ 87+3=90, 87-3=84. ಜಾಗ ಉಳಿಸಲು 3ನ್ನು ಬಿಟ್ಟರೆ ಎರಡೂ 87 ಆಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದೇ ಕಷ್ಟ! ಅಲೆಗಳ ಲೆಕ್ಕದ ಅತಿ ಚಿಕ್ಕ ರೂಪ ಇದು.

1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಇದೇ ದಾರಿಯಲ್ಲಿ ಹೊಸ ವಿಧಾನ ಯೋಚಿಸಿದರು. 1972ರಲ್ಲಿ ಸಂಶೋಧನೆಗೆ ಹಣ ಕೇಳಿದಾಗ, ಇದು ತೀರಾ ಸರಳವೆಂದು ನಿರಾಕರಿಸಲಾಯಿತು. ಅವರೂ ಬಿಡಲಿಲ್ಲ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ಜೆಪೆಗ್ ಚಿತ್ರಗಳಿಗೆ ಆ ವಿಧಾನವೇ ತಳಪಾಯ.

ಜೆಪೆಗ್‌ನಲ್ಲಿ ಚಿತ್ರವನ್ನು ಉದ್ದಕ್ಕೆ 8, ಅಡ್ಡಕ್ಕೆ 8, ಒಟ್ಟು 64 ಚುಕ್ಕಿಗಳ ಚೌಕಗಳಾಗಿ ಒಡೆಯುತ್ತಾರೆ. ಪ್ರತಿ ಚೌಕದಲ್ಲೂ ಯಾವ ಅಲೆ ಎಷ್ಟಿದೆ ಎಂದು ಅಳೆದು, ಕಣ್ಣಿಗೆ ಬೇಡದ ಸಣ್ಣ ಅಲೆಗಳನ್ನು ಬಿಟ್ಟು, ಉಳಿದವನ್ನು ಸಂಕೇತವಾಗಿಸುತ್ತಾರೆ. ಆ್ಯಪ್ ಮಾಡುವುದು ಇದರ ತಿರುವು: ಮೊದಲು ಸಂಕೇತ ಬಿಡಿಸುತ್ತದೆ, ನಂತರ ಅಲೆಗಳನ್ನು ಕೂಡಿಸಿ ಚುಕ್ಕಿಗಳನ್ನು ಪಡೆಯುತ್ತದೆ, ಕೊನೆಗೆ ಕೆಂಪು, ಹಸಿರು, ನೀಲಿ ಬಣ್ಣ ಲೆಕ್ಕ ಹಾಕಿ ಪರದೆಯ ಮೇಲೆ ಇಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ!

ಗುರುಗಳೇ ಅನುಮಾನಿಸಿದ ಲೆಕ್ಕ ಇಂದು ಮನೆಮನೆಯ ಮೊಬೈಲಿನಲ್ಲಿದೆ. ನಿಮ್ಮ ಯೋಚನೆಯನ್ನು ಯಾರಾದರೂ ಒಪ್ಪದಿದ್ದರೆ ಫೂರಿಯರ್ ಅವರಂತೆ ಮತ್ತೆ ಪರೀಕ್ಷಿಸಿ, ತಿದ್ದಿ, ಮುಂದುವರಿಸಿ.

ಮಾಡಿ ನೋಡಿ: ಹಲವರಿಂದ ಹಲವರಿಗೆ ಕಳುಹಿಸಿ ಮಸುಕಾದ ಫೋಟೊವೊಂದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ. ಅಂಚುಗಳ ಬಳಿ ಸಣ್ಣ ಚೌಕಗಳು ಕಾಣುತ್ತವೆಯೇ? ಬಳಿಕ ಗೆಳೆಯರಿಗೆ ಎರಡು ಸಂಖ್ಯೆಗಳ ಸರಾಸರಿ ಮತ್ತು ಅರ್ಧ ವ್ಯತ್ಯಾಸವನ್ನು ಮಾತ್ರ ಹೇಳಿ, ದೊಡ್ಡ ಸಂಖ್ಯೆ ಮೊದಲು ಬರುವಂತೆ ಮೂಲ ಸಂಖ್ಯೆಗಳನ್ನು ಬಿಡಿಸಲು ಹೇಳಿ.