ಜೋಸೆಫ್ ಸ್ಟ್ರಾಸ್: ಕೆಲಸಗಾರರಿಗೆ ಬಲೆ ಕಟ್ಟಿಸಿದ ಇಂಜಿನಿಯರ್



ಗೋಲ್ಡನ್ ಗೇಟ್ ಸೇತುವೆಯ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲಿ ನೋಡಿರಬಹುದು. ಕೆಂಪು ಬಣ್ಣದ ಎರಡು ಎತ್ತರದ ಗೋಪುರ, ಜೋಕಾಲಿ ಹಗ್ಗದ ಥರ ಇಳಿಬಿದ್ದ ಎರಡು ದಪ್ಪ ಉಕ್ಕಿನ ಹಗ್ಗ, ಅದಕ್ಕೆ ತೂಗುಹಾಕಿದ ರಸ್ತೆ, ಕೆಳಗೆ ಸಮುದ್ರ. ಅದು ಅಮೆರಿಕ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿದೆ. ಅದರ ಅಂದ ಚೆಂದವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕಟ್ಟುವಾಗ ಅದರ ಕೆಳಗೆ ಒಂದು ಬಲೆ ಇತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆ ಬಲೆ ಕಟ್ಟಿಸಿದ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಅವರ ಜೀವನವನ್ನು ಇಲ್ಲಿ ಬರೆದಿದ್ದೇನೆ.

ಬಾಲ್ಯ ಮತ್ತು ಓದು

ಸ್ಟ್ರಾಸ್ ಅವರು 1870ನೇ ಇಸವಿ ಜನವರಿ 9ರಂದು ಅಮೆರಿಕದ ಸಿನ್ಸಿನಾಟಿ ಎಂಬ ಊರಿನಲ್ಲಿ ಹುಟ್ಟಿದರು. ಅವರ ತಂದೆ ಚಿತ್ರ ಬರೆಯುವವರು, ತಾಯಿ ಪಿಯಾನೋ ನುಡಿಸುವವರು. ಸ್ಟ್ರಾಸ್ ಅವರಿಗೆ ಕವಿತೆ ಬರೆಯುವ ಹುಚ್ಚು ಇತ್ತು. ಆಳು ಮಾತ್ರ ಕುಳ್ಳು. ಆದರೂ ಕಾಲೇಜಿನಲ್ಲಿ ಫುಟ್‌ಬಾಲ್ ತಂಡಕ್ಕೆ ಸೇರಲು ಹೋಗಿ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರಂತೆ. ಅಲ್ಲಿ ಮಲಗಿದ್ದಾಗ ಕಿಟಕಿಯಿಂದ ಒಂದು ದೊಡ್ಡ ತೂಗುಸೇತುವೆ ಕಾಣುತ್ತಿತ್ತು. ಅದನ್ನೇ ನೋಡಿ ನೋಡಿ ಅವರಿಗೆ ಸೇತುವೆಯ ಆಸೆ ಹುಟ್ಟಿತು ಅಂತ ಹೇಳುತ್ತಾರೆ.

1892ರಲ್ಲಿ ಅವರ ಓದು ಮುಗಿಯಿತು. ಆಮೇಲೆ ಹಡಗು ಬಂದಾಗ ಮೇಲಕ್ಕೆ ಎದ್ದು ದಾರಿ ಬಿಡುವ ಎತ್ತುಸೇತುವೆಗಳನ್ನು ಕಟ್ಟುವುದರಲ್ಲಿ ಅವರು ಹೆಸರು ಮಾಡಿದರು. ಅಂಥವನ್ನು ನೂರಾರು ಕಟ್ಟಿಸಿದರು.

ದೊಡ್ಡ ಕೆಲಸ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಸಮುದ್ರ ಒಳಗೆ ನುಗ್ಗಿದೆ. ಅದರ ಅಗಲ ಸುಮಾರು ಒಂದೂವರೆ ಕಿಲೋಮೀಟರ್. ಜನ, ವಾಹನ ಎಲ್ಲ ದೋಣಿ ಹಡಗಿನಲ್ಲೇ ದಾಟಬೇಕಿತ್ತು. ಅಲ್ಲಿ ಗಾಳಿ ಜೋರು, ಮಂಜು ದಟ್ಟ, ನೀರಿನ ಸೆಳೆತ ಭಯಂಕರ. ಅಲ್ಲಿ ಸೇತುವೆ ಆಗೋದೇ ಇಲ್ಲ ಅಂತ ಬಹಳ ಜನ ಹೇಳಿದರು. ಸ್ಟ್ರಾಸ್ ಅವರು 1921ರಲ್ಲಿ ಒಂದು ನಕ್ಷೆ ಮಾಡಿ ಕೊಟ್ಟರು. ಆಮೇಲೆ ಊರೂರು ತಿರುಗಿ ಜನರನ್ನು ಒಪ್ಪಿಸಿದರು.

1928ರಲ್ಲಿ ಸುತ್ತಲಿನ ಜಿಲ್ಲೆಗಳು ಸೇರಿ ಸೇತುವೆಗಾಗಿಯೇ ಒಂದು ಸರ್ಕಾರಿ ಮಂಡಳಿ ಆಯಿತು. 1930ರಲ್ಲಿ ಜನ ಓಟು ಹಾಕಿ, ತಮ್ಮ ಮನೆ, ಹೊಲ, ಅಂಗಡಿಗಳನ್ನೇ ಆಧಾರ ಮಾಡಿ 3 ಕೋಟಿ 50 ಲಕ್ಷ ಡಾಲರ್ ಸಾಲ ಎತ್ತಲು ಒಪ್ಪಿದರು. ಕಟ್ಟುವ ಕೆಲಸವನ್ನು ಖಾಸಗಿ ಗುತ್ತಿಗೆ ಕಂಪನಿಗಳಿಗೆ ಹಂಚಿದರು. ಸ್ಟ್ರಾಸ್ ಅವರು ಮುಖ್ಯ ಇಂಜಿನಿಯರ್ ಆದರು. 1933ರ ಜನವರಿ 5ರಂದು ಕೆಲಸ ಶುರುವಾಯಿತು.

ಕೋಟಿಗೆ ಹತ್ತು ಜೀವ

ಆಗಿನ ಕಾಲದಲ್ಲಿ ಒಂದು ಕೆಟ್ಟ ಲೆಕ್ಕ ಇತ್ತು. ದೊಡ್ಡ ಸೇತುವೆ ಕಟ್ಟುವಾಗ 10 ಲಕ್ಷ ಡಾಲರ್ ಖರ್ಚಿಗೆ ಒಬ್ಬ ಕೆಲಸಗಾರ ಸಾಯುತ್ತಾನೆ ಅಂತ ಎಲ್ಲರೂ ಮೊದಲೇ ಅಂದುಕೊಂಡು ಬಿಡುತ್ತಿದ್ದರು. ಸಿಮೆಂಟು, ಉಕ್ಕಿನ ಲೆಕ್ಕದ ಹಾಗೆ ಇದೂ ಒಂದು ಲೆಕ್ಕ! ಆ ಲೆಕ್ಕದ ಪ್ರಕಾರ ಈ ಸೇತುವೆಗೆ 35 ಜನ ಸಾಯಬೇಕಿತ್ತು. ಆಗ ಅಮೆರಿಕದಲ್ಲಿ ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಒಬ್ಬ ಬಿದ್ದರೆ ಆ ಜಾಗಕ್ಕೆ ಬರಲು ಇನ್ನೊಬ್ಬ ಕಾಯುತ್ತಿದ್ದ. ಹಾಗಾಗಿ ಕೆಲಸಗಾರನ ಜೀವಕ್ಕೆ ಬೆಲೆ ಕಡಿಮೆ.

ಸ್ಟ್ರಾಸ್ ಅವರು ಈ ಲೆಕ್ಕವನ್ನು ಒಪ್ಪಲಿಲ್ಲ. ಅವರು ಏನೇನು ಮಾಡಿಸಿದರು ಅಂತ ಕೇಳಿ.

ಮೊದಲನೆಯದು ಟೋಪಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬುಲ್ಲಾರ್ಡ್ ಎಂಬ ಕಂಪನಿ ಗಣಿ ಕೆಲಸಗಾರರಿಗೆ ಗಟ್ಟಿ ಟೋಪಿ ಮಾಡುತ್ತಿತ್ತು. ಅದನ್ನು ಸೇತುವೆ ಕೆಲಸಕ್ಕೆ ಹೊಂದುವ ಹಾಗೆ ಮಾಡಿಸಿ, ಎಲ್ಲರೂ ಹಾಕಿಕೊಳ್ಳಲೇಬೇಕು ಅಂತ ನಿಯಮ ಮಾಡಿದರು. ಮೇಲಿಂದ ಒಂದು ಸಣ್ಣ ಮೊಳೆ ಬಿದ್ದರೂ ತಲೆ ಒಡೆಯುತ್ತದೆ ಅಲ್ಲವೇ?

ಎರಡನೆಯದು ಕಣ್ಣು. ನೀರಿನಿಂದ ಹೊಡೆಯುವ ಬಿಸಿಲ ಝಳಕ್ಕೆ ಕನ್ನಡಕ ಕೊಡಿಸಿದರು. ಗಾಳಿಗೆ ಚರ್ಮ ಒಡೆಯದಂತೆ ಮುಖಕ್ಕೆ ಕೈಗೆ ಹಚ್ಚುವ ಕ್ರೀಮು ಕೊಟ್ಟರು.

ಮೂರನೆಯದು ಶಿಸ್ತು. ಎತ್ತರದಲ್ಲಿ ಸರ್ಕಸ್ ಮಾಡಿ ಧೈರ್ಯ ತೋರಿಸುವವರನ್ನು ಕೆಲಸದಿಂದಲೇ ತೆಗೆಯುತ್ತಿದ್ದರು. ಕೆಲಸದ ಜಾಗದ ಹತ್ತಿರವೇ ಒಂದು ಚಿಕ್ಕ ಆಸ್ಪತ್ರೆಯೂ ಇತ್ತು.

ಗೋಪುರ ಕಟ್ಟುವಾಗ ಇನ್ನೊಂದು ತೊಂದರೆ ಬಂತು. ಉಕ್ಕಿಗೆ ಸೀಸ ಬೆರೆತ ಬಣ್ಣ ಬಳಿದಿದ್ದರು. ಕೆಂಪಗೆ ಕಾದ ಮೊಳೆ ಹೊಡೆದಾಗ ಆ ಬಣ್ಣ ಸುಟ್ಟು ವಿಷದ ಹೊಗೆ ಬರುತ್ತಿತ್ತು. ಕೆಲಸಗಾರರು ಕಾಯಿಲೆ ಬಿದ್ದರು. ಆಮೇಲೆ ಬಣ್ಣವನ್ನೇ ಬದಲಾಯಿಸಿದರು, ಉಸಿರಿಗೆ ಮುಖವಾಡ ಕೊಟ್ಟರು.

ಬಲೆ

1936ರಲ್ಲಿ ರಸ್ತೆ ಹಾಸುವ ಕೆಲಸಕ್ಕೆ ಬಂದರು. ರಸ್ತೆ ನೀರಿನಿಂದ ಸುಮಾರು 220 ಅಡಿ ಮೇಲೆ. ಅಲ್ಲಿಂದ ಬಿದ್ದವನಿಗೆ ನೀರೂ ಬಂಡೆಯ ಥರವೇ. ಆಗ ಸ್ಟ್ರಾಸ್ ಅವರು ಸರ್ಕಸ್ಸಿನಲ್ಲಿ ಕಟ್ಟುತ್ತಾರಲ್ಲ, ಅಂಥ ಹಗ್ಗದ ಬಲೆಯನ್ನು ಸೇತುವೆಯ ಕೆಳಗೆ ಕಟ್ಟಿಸಿದರು. ಅದು ರಸ್ತೆಯ ಅಗಲಕ್ಕಿಂತ ಜಾಸ್ತಿ ಚಾಚಿತ್ತು. ಅದಕ್ಕೆ 1,30,000 ಡಾಲರ್ ಖರ್ಚು. ಆಗಿನ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ.

ಆ ಬಲೆಗೆ 19 ಜನ ಬಿದ್ದು ಬದುಕಿದರು. ಅವರು ತಮಾಷೆಗೆ ಒಂದು ಸಂಘ ಮಾಡಿಕೊಂಡು ಅದಕ್ಕೆ ನರಕದ ಅರ್ಧ ದಾರಿ ಸಂಘ ಅಂತ ಹೆಸರಿಟ್ಟರು! ಕೆಳಗೆ ಬಲೆ ಇದೆ ಅನ್ನೋ ಧೈರ್ಯಕ್ಕೆ ಕೆಲಸವೂ ಬೇಗ ಬೇಗ ಸಾಗಿತು.

ದುಃಖದ ದಿನ

ಮೂರು ವರ್ಷದ ಮೇಲೆ ಒಂಬತ್ತು ತಿಂಗಳು ಒಬ್ಬರೂ ಸಾಯಲಿಲ್ಲ. 1936ರ ಅಕ್ಟೋಬರ್ 21ರಂದು ಭಾರ ಎತ್ತುವ ಯಂತ್ರ ಉರುಳಿ ಒಬ್ಬರು ತೀರಿಕೊಂಡರು. 1937ರ ಫೆಬ್ರವರಿ 17ರಂದು ಇನ್ನೂ ದೊಡ್ಡ ಅನಾಹುತ ಆಯಿತು. ರಸ್ತೆಯ ಕಾಂಕ್ರೀಟ್ ಒಣಗಿದ ಮೇಲೆ ಕೆಳಗಿನ ಮರದ ಹಲಗೆಗಳನ್ನು ಬಿಚ್ಚಲು ಒಂದು ತೂಗು ಅಟ್ಟಣೆ ಇತ್ತು. ಅದರ ಹಿಡಿತ ತಪ್ಪಿ, ಟನ್ನುಗಟ್ಟಲೆ ಭಾರದ ಅಟ್ಟಣೆ ಬಲೆಯ ಮೇಲೆ ಬಿತ್ತು. ಬಲೆ ಮನುಷ್ಯರನ್ನು ಹಿಡಿಯಲು ಮಾಡಿದ್ದು, ಅಷ್ಟು ಭಾರ ತಡೆಯಲಿಲ್ಲ. ಹರಿದುಹೋಯಿತು. 12 ಜನ ಸಮುದ್ರಕ್ಕೆ ಬಿದ್ದರು. ಇಬ್ಬರು ಮಾತ್ರ ಬದುಕಿದರು, 10 ಜನ ಸತ್ತರು. ಸೇತುವೆ ಮುಗಿಯಲು ಆಗ ಮೂರೇ ತಿಂಗಳು ಬಾಕಿ ಇತ್ತು.

ಒಟ್ಟು 11 ಜನ ಸತ್ತರು. ಹಳೇ ಲೆಕ್ಕದ 35ಕ್ಕಿಂತ ಇದು ಕಡಿಮೆ ನಿಜ. ಆದರೆ ಆ 11 ಮನೆಯವರಿಗೆ ಕಡಿಮೆ ಅನ್ನಿಸುತ್ತದೆಯೇ?

ಕೊನೆಯ ದಿನಗಳು

1937ರ ಮೇ 27ರಂದು ಸೇತುವೆ ತೆರೆಯಿತು. ಮೊದಲ ದಿನ ಬರೀ ನಡೆದು ಹೋಗುವವರಿಗೆ, ಮಾರನೇ ದಿನದಿಂದ ವಾಹನಗಳಿಗೆ. ಸ್ಟ್ರಾಸ್ ಅವರು ತಾವು ಓದಿದ ಕಾಲೇಜಿನ ಹಳೇ ಕಟ್ಟಡದ ಒಂದು ಇಟ್ಟಿಗೆಯನ್ನು ಸೇತುವೆಯ ಕಾಂಕ್ರೀಟಿನಲ್ಲಿ ಇಡಿಸಿದ್ದರು. ಮುಂದಿನ ವರ್ಷವೇ, 1938ರ ಮೇ 16ರಂದು, ಅವರು ತೀರಿಕೊಂಡರು.

ಅವರ ಒಂದು ತಪ್ಪನ್ನೂ ಬರೆಯಬೇಕು. ಸೇತುವೆಯ ಕಷ್ಟದ ಲೆಕ್ಕಗಳನ್ನು ಬಹಳಷ್ಟು ಮಾಡಿದವರು ಚಾರ್ಲ್ಸ್ ಎಲ್ಲಿಸ್ ಎಂಬ ಇಂಜಿನಿಯರ್. ಸ್ಟ್ರಾಸ್ ಅವರು ಅವರನ್ನು ಕೆಲಸದಿಂದ ತೆಗೆದರು, ಹೆಸರೂ ಹಾಕಲಿಲ್ಲ. 2007ರಲ್ಲಿ ಸೇತುವೆಯ ಮಂಡಳಿಯೇ ಎಲ್ಲಿಸ್ ಅವರ ಕೆಲಸವನ್ನು ಒಪ್ಪಿ ಗೌರವ ಕೊಟ್ಟಿತು. ದೊಡ್ಡವರಲ್ಲೂ ಕೊರತೆ ಇರುತ್ತದೆ.

ನಾವು ತಿಳಿಯಬೇಕಾದದ್ದು

ಈ ಕೆಲಸ ಒಬ್ಬರಿಂದ ಆದದ್ದಲ್ಲ. ಇಂಜಿನಿಯರ್ ಹೇಳಿದರು, ಸರ್ಕಾರದ ಮಂಡಳಿ ಒಪ್ಪಿತು, ಟೋಪಿ ಕಂಪನಿ ಟೋಪಿ ಮಾಡಿಕೊಟ್ಟಿತು, ಗುತ್ತಿಗೆದಾರರು ಬಲೆಯ ಮೇಲೆ ಕೆಲಸ ನಡೆಸಿದರು. ಎಲ್ಲರೂ ಸೇರಿದಾಗ 19 ಜನ ಮನೆಗೆ ಹೋದರು. ಒಂದು ಅಟ್ಟಣೆಯ ಹಿಡಿತ ತಪ್ಪಿದಾಗ 10 ಜನ ಹೋಗಲಿಲ್ಲ.

ಗೆಳೆಯರೇ, ನಾವು ಸಲೀಸಾಗಿ ಹೋಗುವ ರಸ್ತೆಯನ್ನು ಯಾರೋ ಬಿಸಿಲಲ್ಲಿ ನಿಂತು ಮಾಡಿರುತ್ತಾರೆ. ಇನ್ನು ಮುಂದೆ ರಸ್ತೆ ಕೆಲಸ ನಡೆಯುವಾಗ ನೋಡಿ. ಅವರ ತಲೆ ಮೇಲೆ ಗಟ್ಟಿ ಟೋಪಿ ಇದೆಯೋ, ಬರೀ ಟವೆಲ್ಲು ಇದೆಯೋ ಅಂತ. ಟವೆಲ್ಲೇ ಇದ್ದರೆ ಆ ಹಳೇ ಲೆಕ್ಕ ಇನ್ನೂ ನಡೀತಾ ಇದೆ ಅಂತ ಅರ್ಥ.

– 7ನೇ ತರಗತಿ