ಬಳೆಗಾರರ ಮನೆಯ ಕವಿಚಕ್ರವರ್ತಿ: ಮುಧೋಳದ ರನ್ನ



ಬಾಗಲಕೋಟೆ ಜಿಲ್ಲೆಯ ಜೈನ ಪರಂಪರೆ ಎಂದ ಕೂಡಲೇ ನಮಗೆ ಬಾದಾಮಿಯ ನಾಲ್ಕನೇ ಗುಹೆ ನೆನಪಾಗುತ್ತದೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಮೇಗುತಿ ಜಿನಾಲಯ ನೆನಪಾಗುತ್ತದೆ. ಇದೇ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ಮಹಾಕವಿ ರನ್ನನನ್ನು ಮಾತ್ರ ಶಾಲೆಯ ಪುಸ್ತಕದಲ್ಲೇ ಬಿಟ್ಟುಬಿಡುತ್ತೇವೆ. ಪ್ರೀತಿ, ಕೋಪ, ಅಭಿಮಾನ ಇವುಗಳ ಕೈಗೆ ಸಿಕ್ಕ ಮನುಷ್ಯನ ಗತಿ ಏನು ಎಂಬುದನ್ನು ಆತನಷ್ಟು ಚೆನ್ನಾಗಿ ತೋರಿಸಿದ ಕನ್ನಡ ಕವಿಗಳು ಕಡಿಮೆ.

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ಕಸುಬು ಬಳೆ ವ್ಯಾಪಾರ. ಮುಧೋಳ ತಾಲ್ಲೂಕಿನ ರನ್ನಬೆಳಗಲಿ ಇಂದಿಗೂ ಕವಿಯ ಹೆಸರನ್ನು ಹೊತ್ತುಕೊಂಡಿದೆ. ಬಳೆ ಮಾರಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ವಿದ್ಯೆಯ ಹಂಬಲ ಆತನನ್ನು ಊರು ಬಿಡಿಸಿತು. ಘಟಪ್ರಭೆಯ ದಂಡೆಯಿಂದ ದೂರದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ಓದಿದ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗೂ ಅವರೇ ಗುರುಗಳು. ಚಾವುಂಡರಾಯ ಈ ಬಡ ಹುಡುಗನಿಗೆ ಆಶ್ರಯ ಕೊಟ್ಟ.

ವಿದ್ಯೆ ಮುಗಿಸಿದ ರನ್ನ ಮುಂದೆ ಚಾಲುಕ್ಯ ಚಕ್ರವರ್ತಿ ತೈಲಪನ ಆಸ್ಥಾನ ಸೇರಿ ಕವಿಚಕ್ರವರ್ತಿ ಎಂಬ ಬಿರುದು ಪಡೆದ. ಪಂಪ, ಪೊನ್ನರ ಜೊತೆಗೆ ಆತನನ್ನೂ ಸೇರಿಸಿ ರತ್ನತ್ರಯರೆಂದು ಕರೆಯುತ್ತೇವೆ.

ಆತನ ಗದಾಯುದ್ಧ ಕಾವ್ಯದ ನಾಯಕ ಭೀಮ. ಭೀಮನ ನೆಪದಲ್ಲಿ ತೈಲಪನ ಮಗ ಸತ್ಯಾಶ್ರಯನನ್ನು ಕವಿ ಕೊಂಡಾಡಿದ್ದಾನೆ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಸಂಜಯನ ಜೊತೆ ರಣರಂಗದಲ್ಲಿ ನಡೆಯುವಾಗ ಗುರು ದ್ರೋಣರನ್ನು ಕಂಡು ಮರುಗುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೆ ಕೈ ಮುಗಿಯುತ್ತಾನೆ. ತಮ್ಮನಿಗಾಗಿ, ಮಗನಿಗಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಗೆಳೆಯ ಕರ್ಣನಿಗಾಗಿ ಅಳುತ್ತಾನೆ. ಇಷ್ಟು ಪ್ರೀತಿ ಇದ್ದವನು ಕೆಟ್ಟವನು ಎಂದು ಹೇಳಲು ಬಾಯಿ ಬರುವುದಿಲ್ಲ.

ಹಾಗಾದರೆ ಆತ ಕೆಟ್ಟದ್ದು ಎಲ್ಲಿ? ಪ್ರೀತಿ ಇತ್ತು, ಅದಕ್ಕೆ ಕಡಿವಾಣ ಹಾಕುವ ವಿವೇಕ ಇರಲಿಲ್ಲ. ಶರಶಯ್ಯೆಯಲ್ಲಿದ್ದ ಭೀಷ್ಮರು ಸಂಧಿ ಮಾಡಿಕೊ ಎಂದರು. ಆತ ಒಪ್ಪಲಿಲ್ಲ. ಸತ್ತವರ ಮೇಲಿನ ಪ್ರೀತಿಯೇ ಹಗೆಗೆ ಸೌದೆಯಾಯಿತು. ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತಾಗ ದಡದಲ್ಲಿ ಭೀಮ ಗರ್ಜಿಸಿದ. ತಣ್ಣನೆಯ ನೀರಿನೊಳಗಿದ್ದರೂ ದುರ್ಯೋಧನ ಸಿಟ್ಟಿಗೆ ಬೆವರಿದನೆಂದು ರನ್ನ ವರ್ಣಿಸುತ್ತಾನೆ. ನಮ್ಮ ಶಾಸ್ತ್ರಗಳು ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಕಷಾಯಗಳನ್ನು ಹೇಳುತ್ತವೆ. ಮೊದಲಿನ ಎರಡು ಆತನನ್ನು ನೀರಿನಿಂದ ಎಳೆದು ಭೀಮನ ಗದೆಯ ಮುಂದೆ ನಿಲ್ಲಿಸಿದವು. ಹೊರಗಿನ ನೀರು ಒಳಗಿನ ಬೆಂಕಿಯನ್ನು ಆರಿಸುವುದಿಲ್ಲ.

ಇದಕ್ಕೆ ಎದುರಾದ ಚಿತ್ರ ಅಜಿತಪುರಾಣದಲ್ಲಿದೆ. ಕ್ರಿ.ಶ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಇದನ್ನು ಬರೆಯಿಸಿದಳು. ಗಂಡ ನಾಗದೇವನನ್ನು ಕಳೆದುಕೊಂಡ ಮೇಲೆ ದುಃಖದಲ್ಲಿ ಮುಳುಗದೆ ಮಗನನ್ನು ಬೆಳೆಸಿ, ವ್ರತನಿಷ್ಠೆಯಿಂದ ದಾನಧರ್ಮಗಳಲ್ಲಿ ಬಾಳಿದ ತಾಯಿ ಆಕೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳು. ಎರಡನೇ ತೀರ್ಥಂಕರರ ಈ ಚರಿತೆಯಲ್ಲಿ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಅರವತ್ತು ಸಾವಿರ ಮಕ್ಕಳು ಸತ್ತರೆಂಬ ಸುದ್ದಿ ಕೇಳಿ ಸಗರನೂ ದುರ್ಯೋಧನನಂತೆಯೇ ಕುಸಿಯುತ್ತಾನೆ. ಆದರೆ ಆ ದುಃಖದಿಂದ ಆತ ಸೇಡಿನ ಕಡೆಗೆ ಹೋಗದೆ ವೈರಾಗ್ಯದ ಕಡೆಗೆ ತಿರುಗುತ್ತಾನೆ. ರಾಜ್ಯ ಬಿಟ್ಟು ದೀಕ್ಷೆ ಪಡೆಯುತ್ತಾನೆ. ಇಬ್ಬರೂ ಅರಸರೇ, ಇಬ್ಬರಿಗೂ ಮಕ್ಕಳ ಮೇಲೆ ಮೋಹವಿತ್ತು. ದುಃಖ ಬಂದಾಗ ಮನಸ್ಸನ್ನು ಯಾವ ಕಡೆಗೆ ತಿರುಗಿಸಿದರು ಎಂಬುದರಲ್ಲಿ ವ್ಯತ್ಯಾಸವಾಯಿತು.

ಹಾಗೆಂದು ರನ್ನನೇನೂ ಅಭಿಮಾನ ಗೆದ್ದ ಮುನಿಯಲ್ಲ. ತನ್ನ ಕಾವ್ಯದ ಬಗ್ಗೆ ತಾನೇ ಬಹಳ ಹೊಗಳಿಕೊಂಡಿದ್ದಾನೆ. ಜಕ್ಕಿ, ಶಾಂತಿ ಎಂಬ ಇಬ್ಬರು ಮಡದಿಯರೊಂದಿಗೆ ಸಂಸಾರ ಮಾಡಿದ ಶ್ರಾವಕ. ಬಹುಶಃ ತನ್ನಲ್ಲೂ ಇದ್ದ ಗುಣವಾದ್ದರಿಂದಲೇ ದುರ್ಯೋಧನನ ಅಭಿಮಾನ ಆತನಿಗೆ ಅಷ್ಟು ಚೆನ್ನಾಗಿ ಅರ್ಥವಾಯಿತು.

ಆದರೆ ಆ ಹಮ್ಮು ಉಪಕಾರವನ್ನು ಮರೆಸಲಿಲ್ಲ. ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯ ಎಂದು, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ನಮ್ಮಂಥ ವ್ಯಾಪಾರಸ್ಥರು ಯಾರಿಂದ ಎಷ್ಟು ಬರಬೇಕು ಎಂಬುದನ್ನು ಮರೆಯುವುದಿಲ್ಲ, ಯಾರಿಗೆ ಏನು ಋಣಿಗಳು ಎಂಬುದನ್ನು ಬೇಗ ಮರೆಯುತ್ತೇವೆ. ಬಳೆಗಾರರ ಮಗ ಆ ಋಣದ ಲೆಕ್ಕವನ್ನು ದಿನಕ್ಕೆ ಹತ್ತು ಸಲ ಬಾಯಿತುಂಬ ಕರೆಯುವ ಹೆಸರಿನಲ್ಲಿ ಬರೆದಿಟ್ಟ. ಕೃತಜ್ಞತೆ ಇದ್ದ ಮನೆಯಲ್ಲಿ ಮಾನಕಷಾಯ ಬಹಳ ಬೆಳೆಯಲಾರದು.

ಬಾದಾಮಿ, ಐಹೊಳೆಗೆ ಯಾತ್ರೆ ಬರುವ ಬಂಧುಗಳು ಒಂದು ದಿನ ಮುಧೋಳಕ್ಕೂ ಬನ್ನಿ. ಮನೆಯ ಮಕ್ಕಳಿಗೆ ದುರ್ಯೋಧನನ ಕಥೆಯ ಜೊತೆ ಸಗರನ ಕಥೆಯನ್ನೂ ಹೇಳಿ. ಸಿಟ್ಟು ಬಂದ ದಿನ ಯಾವ ದಾರಿ ಹಿಡಿಯಬೇಕು ಎಂಬುದು ಅವರಿಗೆ ಆಗ ತಾನಾಗಿಯೇ ತಿಳಿಯುತ್ತದೆ.