ಸೊಳ್ಳೆಯನ್ನು ಗುರುತಿಸಿದ ವೈದ್ಯ: ಕಾರ್ಲೋಸ್ ಫಿನ್ಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯೂಬಾ ದ್ವೀಪವು ಸಕ್ಕರೆಗೆ ಹೆಸರಾಗಿದ್ದಂತೆಯೇ ಸಾವಿಗೂ ಹೆಸರಾಗಿದ್ದಿತು. ಹವಾನಾ ಬಂದರಿನಲ್ಲಿ ಹಡಗಿನಿಂದಿಳಿದ ಹೊಸಬರನೇಕರಿಗೆ ಕೆಲವೇ ದಿನಗಳಲ್ಲಿ ಜ್ವರ ಬರುತ್ತಿದ್ದಿತು. ಕಣ್ಣು, ಚರ್ಮಗಳು ಅರಿಸಿನದ ಬಣ್ಣಕ್ಕೆ ತಿರುಗುತ್ತಿದ್ದುವು; ಕಪ್ಪು ವಾಂತಿಯಾಗಿ ಬಹುಮಂದಿ ಪ್ರಾಣ ಬಿಡುತ್ತಿದ್ದರು. ಇದೇ ಪೀತಜ್ವರ. ರೋಗಿಯ ಹಾಸಿಗೆ ಬಟ್ಟೆಗಳಿಂದ ಅದು ಹರಡುವುದೆಂದು ಕೆಲವರೂ, ಕೊಳೆತ ಪದಾರ್ಥಗಳಿಂದೇಳುವ ಕೆಟ್ಟ ಗಾಳಿಯಿಂದ ಬರುವುದೆಂದು ಇನ್ನು ಕೆಲವರೂ ನಂಬಿದ್ದರು. ಬಟ್ಟೆಗಳನ್ನು ಸುಟ್ಟರೂ ಬೀದಿಗಳನ್ನು ತೊಳೆದರೂ ಜ್ವರವು ಮತ್ತೆ ಮತ್ತೆ ಮರಳುತ್ತಿದ್ದಿತು.

ಈ ಒಗಟನ್ನು ಬಿಡಿಸಿದ ಕಾರ್ಲೋಸ್ ಫಿನ್ಲೆಯು 1833ನೆಯ ಇಸವಿ ಡಿಸೆಂಬರ್ 3ರಂದು ಅದೇ ದ್ವೀಪದಲ್ಲಿ ಜನಿಸಿದನು. ತಂದೆ ಸ್ಕಾಟ್ಲೆಂಡಿನ ವೈದ್ಯ. ತಾಯಿ ಫ್ರೆಂಚ್ ಮನೆತನದವಳು. ಫ್ರಾನ್ಸಿನಲ್ಲಿ ಓದುತ್ತಿದ್ದಾಗ ಬಂದ ಕಾಯಿಲೆಯೊಂದು ಆತನ ಮಾತಿನಲ್ಲಿ ತೊದಲನ್ನು ಉಳಿಸಿಹೋಯಿತು. 1855ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವೈದ್ಯಪದವಿಯನ್ನು ಪಡೆದು, ಬಳಿಕ ಹವಾನಾದಲ್ಲಿ ನೆಲಸಿದನು.

ಮೊದಲಲ್ಲಿ ಫಿನ್ಲೆಯೂ ಗಾಳಿಯನ್ನೇ ಸಂಶಯಿಸಿ, ಅದರಲ್ಲಿರುವ ಕ್ಷಾರವೇ ರೋಗಮೂಲವೆಂದು ವರ್ಷಗಟ್ಟಲೆ ಅಳತೆಮಾಡಿದನು. 1879ರಲ್ಲಿ ಅಮೆರಿಕದಿಂದ ಬಂದ ವೈದ್ಯರ ಆಯೋಗದೊಡನೆ ಕೆಲಸಮಾಡಿದ ಮೇಲೆ ಆತನ ಯೋಚನೆಯ ಜಾಡು ಬದಲಾಯಿತು. ಈ ಜ್ವರವು ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ. ಹಾಗಾದರೆ ರೋಗಿಯ ರಕ್ತನಾಳದಿಂದ ವಿಷವನ್ನು ತೆಗೆದು ಮತ್ತೊಬ್ಬನ ರಕ್ತನಾಳಕ್ಕೆ ಚುಚ್ಚುವ ಸೂಜಿಯೊಂದು ಎಲ್ಲಿಯೋ ಇರಬೇಕಲ್ಲವೆ? ಆ ಸೂಜಿ ಸೊಳ್ಳೆಯ ಸೊಂಡಿಲೆಂದು ಫಿನ್ಲೆ ಊಹಿಸಿದನು. ಅದೂ ಎಲ್ಲ ಸೊಳ್ಳೆಗಳಲ್ಲ. ಮನೆಯೊಳಗೇ ಬಾಳುವ, ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಒಂದು ಜಾತಿ. ಇಂದು ಅದಕ್ಕೆ ಈಡಿಸ್ ಈಜಿಪ್ಟಿ ಎಂದು ಹೆಸರು.

ಈ ಸೊಳ್ಳೆಯ ನಡತೆಯನ್ನು ಆತನು ತಾಳ್ಮೆಯಿಂದ ನೋಡಿದನು. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಬಲಿಯಬೇಕಾದರೆ ಅದಕ್ಕೆ ರಕ್ತ ಬೇಕು. ಒಬ್ಬನಿಂದ ಹೊಟ್ಟೆ ತುಂಬದಿದ್ದರೆ ಇನ್ನೊಬ್ಬನನ್ನು ಹುಡುಕುತ್ತದೆ. ಚಳಿಯ ಎತ್ತರ ಪ್ರದೇಶಗಳು ಅದಕ್ಕೆ ಒಗ್ಗವು; ಪೀತಜ್ವರವೂ ಅಲ್ಲಿಗೆ ಹತ್ತುತ್ತಿರಲಿಲ್ಲ. ಅದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನ ಪಾತ್ರೆಯ ಅಂಚಿನಲ್ಲಿ. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಸಾಯದೆ ಕಾದಿರುತ್ತವೆ. ಪೀತಜ್ವರವು ನಮ್ಮ ದೇಶದಲ್ಲಿ ನೆಲೆಯೂರಿಲ್ಲವಾದರೂ ಈ ಸೊಳ್ಳೆ ನಮ್ಮ ನಗರಗಳಲ್ಲಿ ಧಾರಾಳವಾಗಿದೆ. ಡೆಂಗ್ಯೂ, ಚಿಕೂನ್‌ಗುನ್ಯಾ ಜ್ವರಗಳನ್ನು ಹಂಚುವುದೂ ಇದೇ.

1881ನೆಯ ಆಗಸ್ಟ್ 14ರಂದು ಹವಾನಾದ ವಿಜ್ಞಾನ ಅಕಾಡೆಮಿಯಲ್ಲಿ ಫಿನ್ಲೆ ತನ್ನ ಪ್ರಬಂಧವನ್ನು ಓದಿದನು. ಸಭೆಯು ಮೌನವಾಗಿ ಕೇಳಿ ಎದ್ದುಹೋಯಿತು. ಮುಂದಿನ ಸುಮಾರು ಹತ್ತೊಂಬತ್ತು ವರ್ಷಗಳ ಕಾಲ ಆತನಿಗೆ ದೊರೆತುದು ಅಪನಂಬಿಕೆ ಮತ್ತು ನಗೆ. ಕ್ಲಾಡಿಯೊ ಡೆಲ್ಗಾಡೊ ಎಂಬ ವೈದ್ಯನೊಬ್ಬನು ಮಾತ್ರ ಜತೆಬಿಡಲಿಲ್ಲ.

ನಕ್ಕವರಲ್ಲಿಯೂ ಒಂದು ಕಾರಣವಿದ್ದಿತೆಂಬುದನ್ನು ಹೇಳಲೇಬೇಕು. ಸೊಳ್ಳೆಯನ್ನು ಗಾಜಿನ ಕೊಳವೆಯಲ್ಲಿಟ್ಟು, ರೋಗಿಯ ರಕ್ತವನ್ನು ಕುಡಿಸಿ, ಒಪ್ಪಿ ಬಂದವರ ತೋಳಿನ ಮೇಲೆ ಬಿಡುವುದು ಆತನ ಪ್ರಯೋಗ. ಇಂಥ ಪ್ರಯೋಗಗಳನ್ನು ನೂರಕ್ಕೂ ಹೆಚ್ಚು ಬಾರಿ ಮಾಡಿದರೂ ನಿಸ್ಸಂದೇಹವಾದ ರುಜುವಾತು ಸಿಗಲಿಲ್ಲ. ರೋಗದ ಮೊದಲ ಮೂರು ದಿನಗಳಲ್ಲಿ ಕಚ್ಚಿದರೆ ಮಾತ್ರ ಸೊಳ್ಳೆಗೆ ವಿಷವು ದೊರೆಯುತ್ತದೆ. ಆ ಬಳಿಕವೂ ಅದು ಸೊಳ್ಳೆಯ ಒಡಲಲ್ಲಿ ಬೆಳೆದು ಜೊಲ್ಲನ್ನು ಸೇರಲು ಸುಮಾರು ಹನ್ನೆರಡು ದಿನ ಬೇಕು. ಫಿನ್ಲೆಯ ಸೊಳ್ಳೆಗಳು ಎರಡು ಮೂರು ದಿನಗಳಲ್ಲಿಯೇ ಮರಳಿ ಕಚ್ಚುತ್ತಿದ್ದುವು. ಅಪರಾಧಿ ಸಿಕ್ಕಿದ್ದನು, ಸಾಕ್ಷ್ಯಕ್ಕೆ ಬೇಕಾದ ಹತ್ತು ದಿನಗಳ ತಾಳ್ಮೆ ಮಾತ್ರ ತಪ್ಪಿಹೋಗಿದ್ದಿತು! 1898ರಲ್ಲಿ ಅಮೆರಿಕದ ಹೆನ್ರಿ ಕಾರ್ಟರ್ ಎಂಬ ವೈದ್ಯನು, ಒಂದು ಮನೆಗೆ ಮೊದಲ ರೋಗಿ ಬಂದ ಬಳಿಕ ಮುಂದಿನವರು ಕಾಯಿಲೆ ಬೀಳಲು ಎರಡು ವಾರಗಳು ಹಿಡಿಯುವುದನ್ನು ಗಮನಿಸಿದಾಗ ಈ ತೊಡಕಿನ ಸುಳಿವು ಹತ್ತಿತು.

1900ರಲ್ಲಿ ವಾಲ್ಟರ್ ರೀಡನ ನೇತೃತ್ವದಲ್ಲಿ ಅಮೆರಿಕದ ಸೇನಾವೈದ್ಯರು ಹವಾನಾಕ್ಕೆ ಬಂದರು. ಅರುವತ್ತಾರರ ಮುದುಕ ಫಿನ್ಲೆ ತಾನು ಸಾಕಿದ ಸೊಳ್ಳೆಗಳ ಮೊಟ್ಟೆಗಳನ್ನು ಯಾವ ಬಿಗುಮಾನವೂ ಇಲ್ಲದೆ ಅವರ ಕೈಗಿತ್ತನು. ಆ ಮೊಟ್ಟೆಗಳಿಂದ ಬಂದ ಸೊಳ್ಳೆ ಕಚ್ಚಿ ಜೇಮ್ಸ್ ಕ್ಯಾರೊಲ್ ಸಾವಿನಂಚಿಗೆ ಹೋಗಿ ಉಳಿದನು. ಜೆಸ್ಸಿ ಲಜೀರ್ ಎಂಬ ತರುಣ ವೈದ್ಯನು ಸೆಪ್ಟೆಂಬರ್ 25ರಂದು ಅದೇ ಜ್ವರದಿಂದ ತೀರಿಕೊಂಡನು. ಬಳಿಕ ಆತನ ಹೆಸರಿನ ಶಿಬಿರದಲ್ಲಿ ಸ್ವಯಂಸೇವಕರು, ಸತ್ತವರ ಹೊಲಸು ಹಾಸಿಗೆಗಳ ಮೇಲೆ ಇಪ್ಪತ್ತು ರಾತ್ರಿ ಮಲಗಿದರು. ಒಬ್ಬರಿಗೂ ಜ್ವರ ಬರಲಿಲ್ಲ. ಶುಚಿಯಾದ ಇನ್ನೊಂದು ಕೊಠಡಿಯಲ್ಲಿ ಸೊಳ್ಳೆ ಕಚ್ಚಿದವನಿಗೆ ಜ್ವರ ಬಂದಿತು. ತಂತಿಬಲೆಯ ಆಚೆ ಬದಿಯಲ್ಲಿದ್ದವರು ಕ್ಷೇಮವಾಗಿದ್ದರು.

1901ರಲ್ಲಿ ವಿಲಿಯಂ ಗೋರ್ಗಸ್ ಹವಾನಾದ ನೀರಿನ ತೊಟ್ಟಿಗಳಿಗೆ ಮುಚ್ಚಳ ಹಾಕಿಸಿ, ನಿಂತ ನೀರಿಗೆ ಎಣ್ಣೆ ಸುರಿಯಿಸಿ, ರೋಗಿಗಳ ಕೊಠಡಿಗಳಿಗೆ ಬಲೆ ಕಟ್ಟಿಸಿದನು. ಮರಿಹುಳುಗಳು ಕಂಡ ಮನೆಯವರಿಗೆ ದಂಡವಿತ್ತು. ಆ ವರ್ಷದ ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ನಗರದಿಂದ ಪೀತಜ್ವರವು ಅಳಿಯಿತು. ಇದೇ ಕ್ರಮವು ಪನಾಮಾದಲ್ಲಿಯೂ ನಡೆಯಿತು. ಹಿಂದೆ ಫ್ರೆಂಚರು ಸಾವಿರಾರು ಜನರನ್ನು ಕಳೆದುಕೊಂಡು ಕೈಬಿಟ್ಟಿದ್ದ ಕಾಲುವೆಯು 1914ರಲ್ಲಿ ತೆರೆಯಿತು.

ಫಿನ್ಲೆ 1902ರಿಂದ 1909ರವರೆಗೆ ಕ್ಯೂಬಾದ ಆರೋಗ್ಯಾಧಿಕಾರಿಗಳ ಮುಖ್ಯಸ್ಥನಾಗಿದ್ದನು. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡು ನೊಬೆಲ್ ಬಹುಮಾನ ಪಡೆದ ರೊನಾಲ್ಡ್ ರಾಸನೇ ಫಿನ್ಲೆಯ ಹೆಸರನ್ನು ಆ ಬಹುಮಾನಕ್ಕೆ ಸೂಚಿಸಿದ್ದನು. ಅದು ಬರಲಿಲ್ಲ. 1915ರ ಆಗಸ್ಟ್ 20ರಂದು, ರಾಸನಿಗೆ ಸೊಳ್ಳೆಯ ಗುಟ್ಟು ತಿಳಿದ ತಾರೀಖಿನಂದೇ, ಫಿನ್ಲೆ ಹವಾನಾದಲ್ಲಿ ಕಣ್ಮುಚ್ಚಿದನು.